ಕಾರಿನ ಪರದೆಯೂ ವ್ಯಾಪಾರದ ಮಾತೂ

ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಕಡೆಗಿರುವ ನಮ್ಮಂಥ ವ್ಯಾಪಾರಸ್ಥ ಮನೆತನಗಳಿಗೆ ಅಂಗಡಿಯ ಗಾದಿ ಎಷ್ಟು ಮುಖ್ಯವೋ ರಸ್ತೆಯೂ ಅಷ್ಟೇ ಮುಖ್ಯ. ಮಾಲು ಒಂದೂರಿನಲ್ಲಿ, ಗಿರಾಕಿ ಇನ್ನೊಂದೂರಿನಲ್ಲಿ, ಕೋಲ್ಡ್ ಸ್ಟೋರೇಜ್ ಮೂರನೆಯ ಊರಿನಲ್ಲಿ, ಬೀಗರು ಗಡಿಯಾಚೆ ಕರ್ನಾಟಕದಲ್ಲಿ. ವಾರದಲ್ಲಿ ನಾಲ್ಕು ದಿನ ಮನೆಯ ಒಬ್ಬರಾದರೂ ರಸ್ತೆಯ ಮೇಲೆ ಇರಲೇಬೇಕು. ಹಿಂದೆ ಹೊರಗೆ ಹೋದವರು ಹೋದ ಹಾಗೆಯೇ, ಸಂಜೆ ಎಸ್.ಟಿ. ಬಸ್ಸಿನಿಂದ ಇಳಿದು ಅಂಗಡಿಯ ಮೆಟ್ಟಿಲು ಹತ್ತಿದಾಗಲೇ ದರ ಏನಾಯಿತೆಂಬ ಸುದ್ದಿ ತಿಳಿಯುತ್ತಿತ್ತು. ಆಮೇಲೆ ಎಸ್.ಟಿ.ಡಿ. ಬೂತುಗಳು ಬಂದವು. ಮೊಬೈಲು ಬಂದ ಹೊಸದರಲ್ಲಿ ಗಡಿ ದಾಟಿದ ಕೂಡಲೇ ರೋಮಿಂಗ್ ದರ ಬೀಳುತ್ತಿತ್ತು. ಬೀಗರ ಮನೆಗೆ ಊಟಕ್ಕೆ ಹೋದರೂ ಅದು ಪರರಾಜ್ಯ, ಬಂದ ಕರೆಗೂ ದುಡ್ಡು! ಹೀಗಾಗಿ ಗಡಿ ಹತ್ತಿರ ಬಂತೆಂದರೆ ಫೋನು ಬಂದ್ ಮಾಡಿ ಜೇಬಿಗೆ ಹಾಕುವ ರೂಢಿ ನಮ್ಮ ಕಡೆಯವರಿಗೆಲ್ಲ ಇತ್ತು. ಈಗ ಯೋಚಿಸಿದರೆ ಆ ರೂಢಿಯಿಂದ ಒಂದು ಉಪಕಾರವೂ ಆಗುತ್ತಿತ್ತೆಂದು ತೋರುತ್ತದೆ. ಆ ಮಾತು ಮುಂದೆ ಬರುತ್ತದೆ.

ಈಗಿನ ಕಾಲದಲ್ಲಿ ಫೋನು ಬಂದ್ ಆಗುವುದಿಲ್ಲ. ಅಷ್ಟೇ ಅಲ್ಲ, ಅದು ಕಾರಿನ ಮುಂಭಾಗದ ಪರದೆಯ ಮೇಲೆಯೇ ಬಂದು ಕುಳಿತಿದೆ. ಮದುವೆ ಮುಂಜಿಗಳಲ್ಲಿ ಮೊದಲು ‘ಗಾಡಿ ಎಷ್ಟು ಕೊಡುತ್ತದೆ’ ಎಂದು ಮೈಲೇಜು ಕೇಳುತ್ತಿದ್ದ ಬಂಧುಗಳು ಈಗ ‘ಪರದೆ ಎಷ್ಟು ಇಂಚಿನದು’ ಎಂದು ಕೇಳುತ್ತಾರೆ. ನಮ್ಮದು ಮೂವರು ಅಣ್ಣತಮ್ಮಂದಿರ ಕೂಡುಮನೆ. ಕಿರಾಣಿ ಅಂಗಡಿ ಅಜ್ಜನ ಕಾಲದ್ದು. ಬೇದಾಣೆ, ಅಂದರೆ ಒಣದ್ರಾಕ್ಷಿಯ ವ್ಯಾಪಾರ ತಂದೆಯವರ ಕಾಲದಲ್ಲಿ ಕೂಡಿಕೊಂಡಿತು. ಅಂಥ ಪರದೆಯುಳ್ಳ ಕಾರು ನಮ್ಮ ಮನೆಗೂ ಬಂದಾಗ, ಇದು ಇಷ್ಟೊಂದು ಚರ್ಚೆಗೆ ಕಾರಣವಾದೀತೆಂದು ಯಾರೂ ಎಣಿಸಿರಲಿಲ್ಲ.

ವಾಚಕರಲ್ಲಿ ಅನೇಕರಿಗೆ ಇದರ ಒಳಗುಟ್ಟು ತಿಳಿದಿರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ಕಾರಿನ ಪರದೆಯಲ್ಲಿ ನಕಾಶೆ ಕಾಣುತ್ತದೆ, ಹಾಡಿನ ಹೆಸರು ಕಾಣುತ್ತದೆ, ಕರೆ ಮಾಡಿದವರ ಹೆಸರು ಕಾಣುತ್ತದೆ. ಹಾಗಾಗಿ ಇದೆಲ್ಲ ಕಾರಿನೊಳಗಿನ ಯಂತ್ರದ ಕೆಲಸವೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಕೆಲಸವೆಲ್ಲ ಜೇಬಿನ ಫೋನಿನದೇ. ಫೋನು ಚಿತ್ರವನ್ನು ತಯಾರಿಸಿ ಪರದೆಗೆ ಕಳಿಸುತ್ತದೆ. ನಾವು ಪರದೆಯ ಮೇಲೆ ಬೆರಳಿಟ್ಟರೆ ‘ಇಂಥಲ್ಲಿ ಬೆರಳು ಬಿತ್ತು’ ಎಂಬ ಸುದ್ದಿ ಮಾತ್ರ ಫೋನಿಗೆ ಹಿಂದಿರುಗುತ್ತದೆ. ಪರದೆ ಅಂಗಡಿಯ ಮುಂದಿನ ಹಲಗೆ ಇದ್ದ ಹಾಗೆ, ಉಗ್ರಾಣ ಹಿಂದೆ ಇದೆ. ಆದ್ದರಿಂದ ಫೋನು ಹಳೆಯದಾಗಿ ನಿಧಾನವಾಗಿದ್ದರೆ ಕಾರಿನ ಪರದೆ ಎಷ್ಟೇ ದೊಡ್ಡದಿದ್ದರೂ ನಿಧಾನವೇ.

ಐಫೋನ್ ಇದ್ದವರಿಗೆ ಇದರ ಹೆಸರು ಕಾರ್‌ಪ್ಲೇ. ಅದು 2014ರ ಮಾರ್ಚಿನಲ್ಲಿ ಬಂತು. ಉಳಿದ ಫೋನುಗಳಿಗೆ ಆಂಡ್ರಾಯ್ಡ್ ಆಟೊ. ಗೂಗಲ್ ಕಂಪನಿ ಅದನ್ನು 2014ರ ಜೂನಿನಲ್ಲಿ ಘೋಷಿಸಿ ಮರುವರ್ಷ ಹೊರತಂದಿತು. ಇವೆರಡಕ್ಕೂ ಮೊದಲು ಮಿರರ್‌ಲಿಂಕ್ ಎಂಬುದೊಂದು ಇತ್ತು. ನೋಕಿಯಾದಲ್ಲಿ ಹುಟ್ಟಿದ ಆ ಪದ್ಧತಿಯನ್ನು ಹಲವು ಕಾರು ಕಂಪನಿಗಳೂ ಫೋನು ಕಂಪನಿಗಳೂ ಸೇರಿ ಬೆಳೆಸಲು ನೋಡಿದವು, ನಡೆಯಲಿಲ್ಲ. 2020ರಲ್ಲಿ ಸ್ಯಾಮ್‌ಸಂಗ್ ಕೂಡ ಅದನ್ನು ಕೈಬಿಟ್ಟಿತು. ಅದೊಂದನ್ನೇ ನಂಬಿ ಕಾರು ಕೊಂಡವರ ಪರದೆಗಳು ಈಗ ಗಡಿಯಾರ ತೋರಿಸುತ್ತ, ರೇಡಿಯೋ ಹಾಡುತ್ತ ಕುಳಿತಿವೆ. ಕಾರು ಹದಿನೈದು ವರ್ಷ ಬಾಳುತ್ತದೆ, ಇಂಥ ಪದ್ಧತಿಗಳು ಅಷ್ಟು ಬಾಳುತ್ತವೆಂಬ ಖಾತ್ರಿ ಇಲ್ಲ. ಕೇವಲ ಪರದೆಗಾಗಿ ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಮೇಲಿನ ದರ್ಜೆಯ ಗಾಡಿ ಕೊಳ್ಳುವವರು ಇದನ್ನು ಎಣಿಕೆಗೆ ಹಿಡಿಯುವುದು ಒಳ್ಳೆಯದು.

ತಂತಿಯ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇವೆ. ಪೇಟೆಯಲ್ಲಿ ನೂರು ರೂಪಾಯಿಗೆ ಸಿಗುವ ಕೆಲವು ಯುಎಸ್‌ಬಿ ತಂತಿಗಳು ಚಾರ್ಜು ಮಾತ್ರ ಮಾಡುತ್ತವೆ. ಚಿತ್ರವನ್ನು ಸಾಗಿಸುವ ಎಳೆಗಳೇ ಅವುಗಳಲ್ಲಿ ಇರುವುದಿಲ್ಲ. ಅಂಥ ತಂತಿ ಹಾಕಿ ಕಾರಿನ ಮೇಲೆ ಸಿಟ್ಟು ಮಾಡಿಕೊಂಡವರನ್ನು ನಾವು ಬಲ್ಲೆವು. ಫೋನಿನ ಜೊತೆ ಬಂದ ತಂತಿ, ಅದೂ ಮೂರು ಅಡಿಗಿಂತ ಗಿಡ್ಡದು ಇದ್ದರೆ ಒಳ್ಳೆಯದು. ಆಂಡ್ರಾಯ್ಡ್ 11 ಬಂದ 2020ರಿಂದ ಹೆಚ್ಚಿನ ಫೋನುಗಳಿಗೆ ತಂತಿಯಿಲ್ಲದ ಜೋಡಣೆಯೂ ಸಾಧ್ಯವಾಗಿದೆ, ಕಾರಿನಲ್ಲಿ ಆ ಸೌಕರ್ಯ ಇದ್ದರೆ. ಮೊದಲು ಬ್ಲೂಟೂತ್ ಮೂಲಕ ಫೋನು ಕಾರನ್ನು ಗುರುತಿಸುತ್ತದೆ, ಆಮೇಲೆ ಚಿತ್ರವನ್ನು ವೈಫೈ ಮೂಲಕ ಕಳಿಸುತ್ತದೆ. ಅನುಕೂಲವೇನೋ ಹೌದು. ಆದರೆ ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ನಕಾಶೆಯೂ ನಡೆಯುತ್ತ, ವೈಫೈಯೂ ನಡೆಯುತ್ತ, ಚಾರ್ಜೂ ಆಗುತ್ತ ಗಾಜಿನ ಕೆಳಗೆ ಬಿದ್ದಿರುವ ಫೋನು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಬಹಳ ಕಾದರೆ ತಾನೇ ಚಾರ್ಜು ನಿಲ್ಲಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಾವು ತಂತಿಯನ್ನೇ ಹಾಕುತ್ತೇವೆ, ಫೋನನ್ನು ನೆರಳಿನಲ್ಲಿ ಇಡುತ್ತೇವೆ.

ಇನ್ನು ಹೆಸರುಗಳ ಕಥೆ. ಪರದೆಯ ಮುಖ್ಯ ಅನುಕೂಲವೆಂದರೆ ಬಾಯಿಂದ ಹೇಳಿದರೆ ಕರೆ ಹೋಗುವುದು. ಹೊಸ ಕಾರಿನ ಮೊದಲ ವಾರದಲ್ಲಿ ಅಣ್ಣನವರು ಚಕ್ರ ಹಿಡಿದುಕೊಂಡೇ, ಪಾಟೀಲರಿಗೆ ಫೋನು ಹಚ್ಚು ಎಂದು ಯಂತ್ರಕ್ಕೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದರು. ಯಂತ್ರ ಯಾವ ಪಾಟೀಲರೆಂದು ಕೇಳಿತು. ಕೇಳದೆ ಏನು ಮಾಡೀತು? ಆ ಫೋನಿನಲ್ಲಿ 41 ಪಾಟೀಲರಿದ್ದರು! ಚೌಗುಲೆಯವರು, ಮಗದೂಮರು ಬೇರೆ. ನಮ್ಮ ಸೀಮೆಯಲ್ಲಿ ಪೇಟೆಯ ಮಧ್ಯೆ ನಿಂತು ‘ಪಾಟೀಲ್ರ’ ಎಂದು ಕೂಗಿದರೆ ಎಷ್ಟು ಜನ ಹೊರಳಿ ನೋಡುತ್ತಾರೆಂಬುದು ವಾಚಕರಿಗೆ ಗೊತ್ತೇ ಇದೆ. ಹಿಂದಿನ ಆಸನದಲ್ಲಿದ್ದ ತಂದೆಯವರು ನಕ್ಕು, “ಅದಕ್ಕರೆ ಹ್ಯಾಂಗ ಗೊತ್ತಾಗಬೇಕಪಾ, ನನಗs ಗೊತ್ತಾಗೂದಿಲ್ಲ” ಎಂದರು.

ಇದಕ್ಕೆ ಉಪಾಯ ಹುಡುಕಿದವರೂ ತಂದೆಯವರೇ. ಎಪ್ಪತ್ತೆಂಟು ವಯಸ್ಸಿನ ಅವರಿಗೆ ಫೋನಿನ ವಿದ್ಯೆ ಅಷ್ಟಕ್ಕಷ್ಟೆ, ಆದರೆ ಖಾತೆ ವಹಿ ಬರೆಯುವ ವಿದ್ಯೆ ಚೆನ್ನಾಗಿ ಬಲ್ಲರು. ವಹಿಯಲ್ಲಿ ಬರೀ ಹೆಸರು ಬರೆದರೆ ನಡೆಯುವುದಿಲ್ಲ. ಊರು ಮೊದಲು, ನಂತರ ವ್ಯವಹಾರ, ನಂತರ ಹೆಸರು, ಒಂದೇ ಹೆಸರು ಮತ್ತೆ ಬಂದರೆ ತಂದೆಯ ಹೆಸರು. ಅದೇ ಪ್ರಕಾರ ಫೋನಿನಲ್ಲೂ ಬರೆಯಿರೆಂದರು. ಸಾಂಗಲಿಯಲ್ಲಿ ಓದುವ ಅಣ್ಣನ ಮಗಳು ರಜೆಗೆ ಬಂದಾಗ ಅಜ್ಜ ಮೊಮ್ಮಗಳು ಇಬ್ಬರೂ ಎರಡು ಸಂಜೆ ಪಡಸಾಲೆಯಲ್ಲಿ ಕುಳಿತು ಸಾವಿರದ ಮೇಲೆ ಹೆಸರುಗಳನ್ನು ತಿದ್ದಿದರು. ‘ತಾಸಗಾಂವ ಬೇದಾಣೆ ಪಾಟೀಲ’, ‘ಮಿರಜ ಲಾರಿ ಚೌಗುಲೆ’, ‘ವಿಜಯಪುರ ಕಿರಾಣಿ ಮಗದೂಮ’ ಹೀಗೆ. ಕನ್ನಡದಲ್ಲಿ ಕೆಲವು, ಮರಾಠಿಯಲ್ಲಿ ಕೆಲವು, ಇಂಗ್ಲಿಷಿನಲ್ಲಿ ಕೆಲವು ಇದ್ದ ಹೆಸರುಗಳೆಲ್ಲ ಒಂದೇ ಲಿಪಿಗೆ ಬಂದವು, ಯಾಕೆಂದರೆ ಯಂತ್ರಕ್ಕೆ ಯಾವ ಭಾಷೆಯನ್ನು ಗೊತ್ತುಮಾಡಿದ್ದೇವೋ ಆ ಭಾಷೆಯ ಲಿಪಿಯಲ್ಲಿದ್ದ ಹೆಸರನ್ನೇ ಅದು ಸರಿಯಾಗಿ ಹಿಡಿಯುತ್ತದೆ. ಊರಿನ ಹೆಸರು ಮುಂದೆ ಬಂದದ್ದರಿಂದ ಎರಡನೆಯ ಪ್ರಶ್ನೆಯೇ ಇಲ್ಲದೆ ಕರೆ ಹೋಗತೊಡಗಿತು.

ಆ ಎರಡನೆಯ ಸಂಜೆ ಮೊಮ್ಮಗಳು ಒಂದು ಹೆಸರಿಗೆ ಬಂದು ನಿಂತಳು. ತಂದೆಯವರ ಬಾಲ್ಯದ ಗೆಳೆಯರು, ನಲವತ್ತು ವರ್ಷ ನಮ್ಮ ಅಡತಿ ವ್ಯವಹಾರದಲ್ಲಿ ಜೊತೆಗಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು.

“ಅಜ್ಜಾ, ಇವರದು ತೆಗೀಲೇನು?”

“ಇರ್ಲಿ ಬಿಡವಾ.”

“ಇವರ ಹೆಸರೂ ಬಾಬು, ಮಿರಜ ಡ್ರೈವರನ ಹೆಸರೂ ಬಾಬು. ಕಾರಿನ್ಯಾಗ ಬಾಬು ಅಂದ್ರ ಇವರs ಮೊದಲ ಬರತಾರ.”

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಡ್ರೈವರನ ಹೆಸರು ಬ್ಯಾರೆ ಬರಿ” ಎಂದರು. ಹಾಗೆಯೇ ಆಯಿತು. ಗೆಳೆಯರ ಹೆಸರು ಇದ್ದಂತೆಯೇ ಇದೆ. ಊರು, ವ್ಯವಹಾರ ಏನನ್ನೂ ಅದಕ್ಕೆ ಸೇರಿಸಿಲ್ಲ.

ನಕಾಶೆಯ ಬಗೆಗೆ ನಮ್ಮ ಮನೆಯಲ್ಲಿ ತಕರಾರಿಲ್ಲ. ಗೂಗಲ್ ನಕಾಶೆ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ. ಮಹಾರಾಷ್ಟ್ರದ ರಸ್ತೆಯಲ್ಲಿ, ಮರಾಠಿ ಫಲಕಗಳ ನಡುವೆ, ‘ಬಲಕ್ಕೆ ತಿರುಗಿ’ ಎಂದು ಕಾರು ಕನ್ನಡದಲ್ಲಿ ಹೇಳಿದಾಗ ತಾಯಿಯವರಿಗೆ ಮೊದಮೊದಲು ಬಹಳ ಹಿಗ್ಗು. ಊರ ಹೆಸರುಗಳನ್ನು ಮಾತ್ರ ಅದು ತನಗೆ ತಿಳಿದಂತೆ ಉಚ್ಚರಿಸುತ್ತದೆ. ಕವಠೆ ಮಹಾಂಕಾಳವನ್ನು ಅದರ ಬಾಯಿಂದ ಕೇಳಬೇಕು. ಒಂದು ಕಿವಿಮಾತು: ಜತ್ತದ ಪೂರ್ವಕ್ಕೆ ಹೊರಟರೆ ನಡುನಡುವೆ ಫೋನಿನ ಸಿಗ್ನಲ್ ಹೋಗುತ್ತದೆ. ಮನೆಯಿಂದ ಹೊರಡುವ ಮೊದಲೇ ಆ ಭಾಗದ ನಕಾಶೆಯನ್ನು ಫೋನಿಗೆ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದೆಯೂ ದಾರಿ ಸಿಗುತ್ತದೆ. ಇನ್ನೊಂದು: ಕಬ್ಬಿನ ಹಂಗಾಮಿನಲ್ಲಿ ಸಾಂಗಲಿಯ ಕಡೆ ರಾತ್ರಿ ಹೊರಟವರಿಗೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಎಷ್ಟು ಅಪಾಯವೆಂಬುದು ಗೊತ್ತು. ನಕಾಶೆ ರಸ್ತೆಯನ್ನು ನೀಲಿ ಗೆರೆಯಾಗಿ ತೋರಿಸುತ್ತದೆ, ಗೆರೆಯ ಮೇಲೆ ನಿಂತ ಟ್ರೇಲರನ್ನು ತೋರಿಸುವುದಿಲ್ಲ.

ನಮ್ಮವರಿಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಪರದೆಯ ಅಂಚಿನಲ್ಲಿ ಬರುವ ಒಂದು ಸಣ್ಣ ಅಂಕಿ: ಎಷ್ಟು ಗಂಟೆಗೆ ತಲುಪುತ್ತೀರಿ ಎಂಬುದು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆಗಳಲ್ಲಿ ಈ ಅಂಕಿಯ ಬೆಲೆ ಬೇರೆಯವರಿಗೆ ತಿಳಿಯದು. ಚಳಿಗಾಲದಲ್ಲಿ ಇಲ್ಲಿ 6 ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಸಾಂಗಲಿಯಲ್ಲಿ ಸವಾಲು ಮುಗಿಸಿ ಹೊರಟಾಗ ಪರದೆ 6-20 ಎಂದು ತೋರಿಸಿದರೆ ತಾಯಿಯವರು ಡಬ್ಬಿ ಅಲ್ಲಿಯೇ ಬಿಚ್ಚಿಸುತ್ತಾರೆ. 5-40 ಎಂದಿದ್ದರೆ ‘ಮನ್ಯಾಗ ಬಿಸಿ ರೊಟ್ಟಿ ತಿಂದರಾತು’ ಎಂದು ಅಂಗಡಿಗೆ ಫೋನು ಹೋಗುತ್ತದೆ. ಹಿಂದೆ ಇದೇ ಕಾರಣಕ್ಕೆ ಗಾಡಿಯನ್ನು ಜೋರಾಗಿ ಓಡಿಸುವ ಚಾಳಿ ನಮ್ಮಲ್ಲಿ ಅನೇಕರಿಗಿತ್ತು. ಎಷ್ಟೇ ಓಡಿಸಿದರೂ ಐದಾರು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲವೆಂದು ಆ ಅಂಕಿ ಕಣ್ಣೆದುರೇ ತೋರಿಸತೊಡಗಿದ ಮೇಲೆ ಆ ಚಾಳಿ ಕಡಿಮೆಯಾಗಿದೆ.

ವಿಚಾರ ಬಿಗಡಾಯಿಸಿದ್ದು ಮಾತಿನಲ್ಲಿ.

ಆಂಡ್ರಾಯ್ಡ್ ಆಟೊದಲ್ಲಿ ವಾಟ್ಸಾಪ್ ಸಂದೇಶ ಬಂದರೆ ಕಾರು ಅದನ್ನು ಓದಿ ಹೇಳುತ್ತದೆ. ಓಡಿಸುವವರು ಅಕ್ಷರ ನೋಡಬಾರದೆಂಬ ಉದ್ದೇಶದಿಂದ ಹಾಗೆ ಮಾಡಿದ್ದಾರೆ, ಉದ್ದೇಶ ಒಳ್ಳೆಯದೇ. ಆದರೆ ವ್ಯಾಪಾರಸ್ಥನ ಕಾರಿನಲ್ಲಿ ಒಬ್ಬನೇ ಇರುವುದು ಅಪರೂಪ. ಒಮ್ಮೆ ದಲಾಲರೊಬ್ಬರು ತಾಸಗಾಂವದಿಂದ ನಮ್ಮ ಕಾರಿನಲ್ಲಿ ಬರುತ್ತಿದ್ದರು. ನಡುವೆ ಸಂದೇಶ ಬಂತು, ಪರದೆಯ ಮೇಲೆ ಬೆರಳು ತಾಗಿತು, ಕಾರು ನಾಲ್ಕೂ ಧ್ವನಿವರ್ಧಕಗಳಿಂದ ಒಂದು ಮಾಲಿನ ದರವನ್ನೂ ಪೆಟ್ಟಿಗೆಗಳ ಲೆಕ್ಕವನ್ನೂ ಸ್ಪಷ್ಟವಾಗಿ ಓದಿಬಿಟ್ಟಿತು. ದಲಾಲರು ಸಜ್ಜನರು, ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಆದರೂ ಮರುದಿನದ ಸೌದೆಯಲ್ಲಿ ಅವರ ಮಾತಿನ ವರಸೆ ಸ್ವಲ್ಪ ಬದಲಾಗಿತ್ತು. ತಂದೆಯವರು ಚಿಕ್ಕವರಿದ್ದಾಗ ಎತ್ತಿನ ಜಾತ್ರೆಗಳಲ್ಲಿ ಶಲ್ಯದ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ಕಲಿತವರು. ಪಕ್ಕದಲ್ಲಿ ನಿಂತವನಿಗೂ ತಿಳಿಯದಂತೆ ಲಕ್ಷದ ವ್ಯವಹಾರ ಬೆರಳಲ್ಲೇ ಮುಗಿಯುತ್ತಿತ್ತು. “ಆವಾಗ ಶಲ್ಯಾ ಮುಚ್ಚಿ ಹೇಳತಿದ್ವಿ, ಈಗ ಡಂಗುರಾ ಹೊಡದ ಹೇಳೂ ಗಾಡಿ ತಂದೀರಿ” ಎಂದು ಅವರು ಆ ದಿನ ಹೇಳಿದ್ದು ಬೀಗರ ತನಕ ಪ್ರಚಾರವಾಯಿತು.

ಸಂದೇಶದ ಸೂಚನೆಗಳನ್ನು ಪರದೆಗೆ ಬಾರದಂತೆ ತಡೆಯುವ ವ್ಯವಸ್ಥೆ ಫೋನಿನ ಆಂಡ್ರಾಯ್ಡ್ ಆಟೊ ಸೆಟ್ಟಿಂಗಿನಲ್ಲಿಯೇ ಇದೆ. ನಮ್ಮ ಅಂಗಡಿಯ ಫೋನುಗಳಲ್ಲಿ ಈಗ ಅದನ್ನು ಮುಚ್ಚಿದ್ದೇವೆ. ‘ನಾನು ಈಗ ಗಾಡಿ ಓಡಿಸುತ್ತಿದ್ದೇನೆ’ ಎಂದು ಸಿದ್ಧ ಉತ್ತರ ಕಳಿಸುವ ಸೌಕರ್ಯವೂ ಇದೆ. ಅದು ಇಂಗ್ಲಿಷಿನಲ್ಲಿ ಹೋಗಿ ಹಿರಿಯ ಗಿರಾಕಿಯೊಬ್ಬರು ‘ನಮ್ಮ ಕೂಡ ಇಂಗ್ಲಿಷ್ ಮಾತಾಡುವಷ್ಟು ದೊಡ್ಡವರಾದಿರೇನು’ ಎಂದು ಬೇಸರಿಸಿಕೊಂಡರು. ಆ ವಾಕ್ಯವನ್ನು ಬದಲಿಸಬಹುದು. ಈಗ ಅಲ್ಲಿ ಕನ್ನಡ ಮರಾಠಿ ಎರಡರಲ್ಲೂ ವಿನಯದ ಮಾತು ಇದೆ. ಕರೆಗಳಿಗೆ ಮಾತ್ರ ಇಂಥ ಮರೆ ಇಲ್ಲ. ಎತ್ತಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಆದ್ದರಿಂದ ಎತ್ತಿದ ಕೂಡಲೇ ‘ಗಾಡಿಯೊಳಗ ಮಂದಿ ಅದಾರ್ರೀ’ ಎಂದು ಮೊದಲ ಮಾತು ಹೇಳುವುದು ನಮ್ಮ ಮನೆಯ ರೂಢಿಯಾಯಿತು. ಅಷ್ಟು ಹೇಳಿದರೆ ವ್ಯಾಪಾರಸ್ಥರಿಗೆ ಅರ್ಥವಾಗುತ್ತದೆ.

ದರ ಕೇಳಿಸಿಕೊಂಡದ್ದು ಹೋಗಲಿ. ಇದಕ್ಕಿಂತ ದೊಡ್ಡ ಮಾತು ಬೇರೆ ಇತ್ತು. ತಂದೆಯವರು ಮುಂದಿನ ಎಡ ಆಸನದಲ್ಲಿ ಕುಳಿತು ಒಂದು ತಿಂಗಳು ಏನನ್ನೂ ಹೇಳದೆ ನೋಡಿದರು. ಅಣ್ಣನವರ ಕೈ ಚಕ್ರದ ಮೇಲೆಯೇ ಇರುತ್ತಿತ್ತು, ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು, ಮಾತು ಮಾತ್ರ ಸಾಂಗಲಿಯ ಸವಾಲಿನ ಕಟ್ಟೆಯಲ್ಲಿ ನಡೆಯುತ್ತಿತ್ತು. ಕಾಯಿದೆಯ ಪ್ರಕಾರ ತಪ್ಪೇನೂ ಕಾಣುವುದಿಲ್ಲ. 2019ರ ತಿದ್ದುಪಡಿಯಂತೆ ಗಾಡಿ ಓಡಿಸುತ್ತ ಕೈಯಲ್ಲಿ ಫೋನು ಹಿಡಿದು ಬಳಸುವುದು ಅಪಾಯಕಾರಿ ಚಾಲನೆ ಎನಿಸುತ್ತದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಸೆರೆವಾಸವೂ ಆಗಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ, ಲಕ್ಷ್ಯ ಕೆಡದಂತೆ ದಾರಿ ನೋಡಲು ಮಾತ್ರ ಅದನ್ನು ಬಳಸಬಹುದೆಂಬ ವಿನಾಯಿತಿ ಇದೆ. ಕಾರಿನ ಪರದೆಯೇನೋ ಕೈಯಲ್ಲಿ ಹಿಡಿಯುವಂಥದಲ್ಲ. ಅಣ್ಣನವರ ವಾದವೂ ಇದೇ ಆಗಿತ್ತು.

ಒಂದು ದಿನ ಹೀಗೆಯೇ ಉದ್ದದ ಕರೆಯೊಂದು ಮುಗಿದ ಮೇಲೆ ತಂದೆಯವರು ಮೆಲ್ಲಗೆ ಕೇಳಿದರು: “ಈಗ ಯಾವ ಊರು ದಾಟಿದಿವಿ ಹೇಳು ನೋಡೋಣು.”

ಅಣ್ಣನವರು ತಟ್ಟನೆ ಹೇಳಲಾಗದೆ ಪರದೆಯ ಕಡೆ ನೋಡಿದರು.

“ಅದನ್ನ ನೋಡಬ್ಯಾಡ. ನಿನಗ ಕೇಳಲಿಕತ್ತೀನಿ.”

ಮೂವತ್ತು ವರ್ಷದಿಂದ ಓಡಾಡಿದ ರಸ್ತೆ. ಊರಿನ ನಡುವೆ ಶಾಲೆ ಬಿಟ್ಟ ಮಕ್ಕಳು ದಾಟುತ್ತಿದ್ದರು, ಗಾಡಿ ನಿಧಾನವೂ ಆಗಿತ್ತು. ಆದರೆ ಅದ್ಯಾವುದೂ ನೆನಪಿನಲ್ಲಿ ಉಳಿದಿರಲಿಲ್ಲ. ತಂದೆಯವರು ಮುಂದೆ ಏನೂ ಹೇಳಲಿಲ್ಲ.

ಮನೆಯಲ್ಲಿ ಆ ಮಾತು ತಿಂಗಳುಗಟ್ಟಲೆ ನಡೆಯಿತು. ಅಣ್ಣನವರ ಕಡೆಯ ನ್ಯಾಯವನ್ನೂ ಹೇಳಬೇಕು. ಬೇದಾಣೆಯ ದರ ಮುಂಜಾನೆ ಒಂದು, ಮಧ್ಯಾಹ್ನ ಒಂದು. “ಸವಾಲ ನಡದಾಗ ಫೋನ್ ಎತ್ತಲಿಲ್ಲಂದ್ರ ಮಾಲು ಬ್ಯಾರೆಯವರಿಗೆ ಹೋಗತದ. ಮನ್ಯಾಗ ಕುಂತು ಹೇಳೂದು ಸಸಾರ” ಎಂದು ಅವರು ಹೇಳಿದರೆ ಯಾರಲ್ಲೂ ಉತ್ತರವಿರಲಿಲ್ಲ. ಹದಿನೆಂಟು ಜನರ ಮನೆ ಅವರ ಓಡಾಟದ ಮೇಲೆಯೇ ನಿಂತಿರುವಾಗ ಉತ್ತರ ಕೊಡುವುದು ಹೇಗೆ?

ಉತ್ತರವನ್ನು ತಂದವಳು ಅಣ್ಣನ ಮಗಳು. ಅವಳು ಕಾಲೇಜಿನಲ್ಲಿ ಓದಿ ತಿಳಿದ ಕೆಲವು ಸಂಗತಿಗಳನ್ನು ಒಂದು ರಾತ್ರಿ ಎಲ್ಲರೆದುರು ಇಟ್ಟಳು. ವಾಚಕರ ಉಪಯೋಗಕ್ಕಾಗಿ ಅವನ್ನು ಇಲ್ಲಿ ಕೊಡುತ್ತೇವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಪರದೆಯನ್ನು ಎರಡು ಸೆಕೆಂಡು ನೋಡಿದರೆ 44 ಮೀಟರ್, ಅಂದರೆ ನಮ್ಮ ಓಣಿಯ ಉದ್ದ, ಕಣ್ಣಿಲ್ಲದೆ ಹೋದ ಹಾಗೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ಕಂಪನಿಗಳಿಗೆ ಕೊಟ್ಟ ಸಲಹೆಯಲ್ಲಿ, ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನೋಡಬೇಕಾಗುವ, ಒಟ್ಟಿನಲ್ಲಿ 12 ಸೆಕೆಂಡಿಗಿಂತ ಹೆಚ್ಚು ಬೇಡುವ ಕೆಲಸವನ್ನು ಪರದೆಯಲ್ಲಿ ಇಡಬಾರದೆಂದು ಹೇಳಿದೆ. ಅದು ಕಣ್ಣಿನ ಮಾತಾಯಿತು. ಅಲ್ಲಿಯ ಎಎಎ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗದ ಫಲ 2015ರಲ್ಲಿ ಬಂತು: ಬಾಯಿಮಾತಿನಿಂದ ಕರೆ ಮಾಡುವ, ಹಾಡು ಬದಲಿಸುವ ಕೆಲಸ ಮುಗಿದ ಮೇಲೆಯೂ ಚಿತ್ತ ಪೂರ್ತಿ ರಸ್ತೆಗೆ ಮರಳಲು ಕೆಲವೊಮ್ಮೆ 27 ಸೆಕೆಂಡಿನವರೆಗೂ ಹಿಡಿಯುತ್ತದೆ. ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಯೋಗ ನೇರವಾಗಿ ಈ ಪರದೆಗಳ ಮೇಲೆಯೇ ನಡೆದದ್ದು. ಎದುರಿಗೆ ಏನಾದರೂ ಬಂದಾಗ ಎಚ್ಚೆತ್ತುಕೊಳ್ಳುವ ಹೊತ್ತು ಪರದೆ ಮುಟ್ಟಿ ಬಳಸುವವರಲ್ಲಿ ಶೇಕಡಾ 53ರಿಂದ 57ರಷ್ಟು, ಮಾತಿನಿಂದ ಬಳಸುವವರಲ್ಲಿ ಶೇಕಡಾ 30ರಿಂದ 36ರಷ್ಟು ಹೆಚ್ಚಾಗಿತ್ತು. ಆ ದೇಶದ ಕಾನೂನು ಒಪ್ಪುವ ಮಿತಿಯಷ್ಟು ಮದ್ಯ ಕುಡಿದವರಲ್ಲಿ ಅದು ಶೇಕಡಾ 12 ಮಾತ್ರ!

ಈ ಕೊನೆಯ ಅಂಕಿ ಕೇಳಿ ಪಡಸಾಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮದ್ಯದ ವಾಸನೆಯೂ ಇಲ್ಲದ ಮನೆಯಲ್ಲಿ ಇಂಥ ಹೋಲಿಕೆ ಹೇಗೆ ಕೇಳಿಸಿತೆಂಬುದನ್ನು ವಿವರಿಸಬೇಕಿಲ್ಲ. ಅಣ್ಣನವರು ಮಗಳನ್ನು ನೋಡಿ, “ಅಂದ್ರ ನಾ ಕುಡದ ಓಡಸೂ ಮಂದಿಗಿಂತ ಕಡೀನ?” ಎಂದರು. ಅವಳು, “ಹಂಗಲ್ಲ ಅಪ್ಪಾ” ಎಂದಳಷ್ಟೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ಎಎಎ ಪ್ರತಿಷ್ಠಾನದ 2018ರ ಪರೀಕ್ಷೆಯಲ್ಲಿ ಕಾರು ಕಂಪನಿಗಳು ತಾವೇ ಮಾಡಿದ ಪರದೆಗಳಿಗಿಂತ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊಗಳು ಚಾಲಕರಿಗೆ ಕಡಿಮೆ ಭಾರವೆಂದು ಕಂಡಿತು; ಕರೆ ಮಾಡುವುದೂ ದಾರಿ ಹಾಕುವುದೂ ಬೇಗ ಮುಗಿಯುತ್ತದೆ.  ಪರದೆಯನ್ನು ಕಿತ್ತೆಸೆಯಿರೆಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಯಾವುದನ್ನು ಯಾವಾಗ ಬಳಸಬೇಕೆಂಬುದೇ ಪ್ರಶ್ನೆಯಾಗಿತ್ತು.

ಕೊನೆಗೆ ಆದ ನಿರ್ಣಯ ಇಷ್ಟು. ದಾರಿಯನ್ನು ಗಾಡಿ ಹೊರಡುವ ಮೊದಲೇ ಹಾಕಬೇಕು. ಎಡ ಆಸನದಲ್ಲಿ ಯಾರಾದರೂ ಇದ್ದರೆ ಕರೆಗಳನ್ನು ಅವರು ತಮ್ಮ ಕೈಯಲ್ಲಿ ಫೋನು ಹಿಡಿದು ಮಾತಾಡಬೇಕು, ಓಡಿಸುವವರು ದರವನ್ನು ‘ಹೂಂ’, ‘ಬ್ಯಾಡ’ ಎನ್ನುವಷ್ಟರಲ್ಲಿ ಮುಗಿಸಬೇಕು. ಒಬ್ಬರೇ ಇದ್ದರೆ ಕರೆ ಎತ್ತಿ ‘ಹತ್ತು ಮಿನಿಟಿಗೆ ಮಾಡತೀನ್ರೀ’ ಎಂದು ಇಟ್ಟು, ಪೆಟ್ರೋಲ್ ಬಂಕೋ ಚಹದಂಗಡಿಯೋ ಬಂದಾಗ ನಿಲ್ಲಿಸಿ ಮಾತಾಡಬೇಕು. ಕೇಳಲು ಸುಲಭವಾಗಿದೆ. ನಡೆಸುವುದು ಅಷ್ಟು ಸುಲಭವಿಲ್ಲ. ಈ ನಿರ್ಣಯವಾದ ಹದಿನೈದೇ ದಿನಕ್ಕೆ ಅಣ್ಣನವರು ಒಬ್ಬರೇ ಹೋಗುತ್ತಿದ್ದಾಗ ಹೀಗೆ ಹತ್ತು ನಿಮಿಷ ತಡವಾಗಿ ಹಸಿರು ಬೇದಾಣೆಯ ಒಂದು ಒಳ್ಳೆಯ ಮಾಲು ಕೈತಪ್ಪಿತು. ಎರಡು ದಿನ ಅವರು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ತಂದೆಯವರು ಆ ನುಕಸಾನನ್ನು ವಹಿಯಲ್ಲಿ ಬರೆಯಲಿಲ್ಲ. “ಆಗದ ಸೌದಾಕ್ಕ ಖಾತೆ ಇರೂದಿಲ್ಲ” ಎಂದರು. ಅಣ್ಣನವರಿಗೆ ಅದು ಪೂರ್ತಿ ಒಪ್ಪಿಗೆಯಾಗಿದೆಯೆಂದು ಇಂದಿಗೂ ನಮಗೆ ಅನಿಸುವುದಿಲ್ಲ. ಆದರೂ ಗಾಡಿ ನಿಲ್ಲಿಸುತ್ತಾರೆ.

ಇದರಿಂದ ಒಂದು ಹೊಸ ಬದಲಾವಣೆಯೂ ಆಯಿತು. ಸವಾಲಿನ ದಿನ ಎಡ ಆಸನಕ್ಕೆ ತಂದೆಯವರೇ ಬರತೊಡಗಿದರು. ಐದು ವರ್ಷದಿಂದ ಪೇಟೆಯ ವ್ಯವಹಾರ ಬಿಟ್ಟು ಮನೆಯಲ್ಲಿದ್ದವರು ಈಗ ವಾರಕ್ಕೆ ಎರಡು ದಿನ ಫೋನು ಹಿಡಿದು ದರ ಮಾತಾಡುತ್ತಾರೆ. ಅವರ ಧ್ವನಿ ಕೇಳಿ ಹಳೆಯ ಪಾರ್ಟಿಗಳು ನಾಲ್ಕಾಣೆ ಬಿಡುತ್ತಾರೆಂದು ತಾಯಿಯವರ ಅಂಬೋಣ. ತಾಯಿಯವರ ಲೆಕ್ಕ ಅಂಗಡಿಯ ಲೆಕ್ಕಕ್ಕೆ ಯಾವಾಗಲೂ ಕೂಡುವುದಿಲ್ಲ, ಆ ಮಾತು ಬೇರೆ. ಮನೆಯಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಪರದೆಯನ್ನು ಬಳಸುವವರೆಂದರೆ ನಮ್ಮ ವೈನಿಯವರು. ಹೊರಡುವ ಮೊದಲು ದಾರಿ ಹಾಕುತ್ತಾರೆ, ಭಕ್ತಿಗೀತೆ ಹಚ್ಚುತ್ತಾರೆ, ಊರು ಮುಟ್ಟುವ ತನಕ ಮತ್ತೆ ಅದರ ಕಡೆ ಕೈ ಹೋಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯದಿದ್ದರೆ ಲೇಖನ ಅರ್ಧವಾಗುತ್ತದೆ. ಗಾಡಿ ಮಾರುವ, ಬದಲಿಸುವ ವಿಷಯ ಅದು. ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇಗಳ ನಕಾಶೆ, ಸಂದೇಶಗಳು ಫೋನಿನಲ್ಲೇ ಇರುತ್ತವೆ ನಿಜ. ಆದರೆ ಬ್ಲೂಟೂತ್‌ನಿಂದ ಜೋಡಿಸಿದ ಫೋನುಗಳ ಹೆಸರು ಕಾರಿನಲ್ಲಿ ಉಳಿಯುತ್ತದೆ. ಅನೇಕ ಕಾರುಗಳಲ್ಲಿ ಫೋನಿನ ಹೆಸರುಪಟ್ಟಿ, ಬಂದುಹೋದ ಕರೆಗಳ ಪಟ್ಟಿ ಕೂಡ ಕಾರಿಗೆ ಇಳಿದಿರುತ್ತದೆ. ನಾವು ಖಾತೆ ವಹಿಯನ್ನು ಪರರಿಗೆ ತೋರಿಸುವ ಜನವಲ್ಲ. ಗಾಡಿ ಮಾರುವಾಗ ಮಾತ್ರ ಇಡೀ ಪೇಟೆಯ ಪಟ್ಟಿಯನ್ನು ಒಳಗಿಟ್ಟು ಕೀಲಿಕೈ ಕೊಟ್ಟು ಬರುತ್ತೇವೆ. ಕಾರಿನ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುವ ಆಯ್ಕೆ ಇರುತ್ತದೆ. ಎರಡು ನಿಮಿಷದ ಕೆಲಸ. ಕೀಲಿಕೈ ಕೊಡುವ ಮೊದಲು ಅದನ್ನು ಮಾಡಬೇಕು, ಹಾಗೆಯೇ ಫೋನಿನಿಂದಲೂ ಆ ಕಾರಿನ ಹೆಸರನ್ನು ತೆಗೆಯಬೇಕು.

ಕಳೆದ ವರ್ಷ ಕಿರಿಯವನ ಹೆಸರಿಗೆ ಸೊಲ್ಲಾಪುರದಲ್ಲಿ ಒಂದು ಹಳೆಯ ಕಾರು ಕೊಂಡೆವು. ಮನೆಗೆ ತಂದು ಪರದೆ ಹಚ್ಚಿದಾಗ ಮೊದಲಿನ ಮಾಲೀಕರು ಜೋಡಿಸಿದ್ದ ನಾಲ್ಕು ಫೋನುಗಳ ಹೆಸರು ಅಲ್ಲಿ ಹಾಗೆಯೇ ಇದ್ದವು. ಅವುಗಳಲ್ಲೊಂದು ‘ಆಯಿ’. ಕರೆಗಳ ಪಟ್ಟಿಯೂ ಇತ್ತು. ಹುಡುಗರು ಅದನ್ನು ತೆರೆಯಲು ಹೋದಾಗ ತಾಯಿಯವರು ಬೇಡವೆಂದರು. ಅಂಗಳದಲ್ಲಿ ನಿಂತ ಕಾರಿನಲ್ಲಿಯೇ ಕುಳಿತು, ಏನನ್ನೂ ಓದದೆ ಆ ನಾಲ್ಕನ್ನೂ ಅಳಿಸಿದೆವು. ಅದಾದ ಮೇಲೆಯೇ ನಮ್ಮ ಫೋನು ಜೋಡಿಸಿದ್ದು.